ಒಂದೇ ತಂತಿಗೆ ಎರಡು ಚಿಪ್ಪು ಹಾಕಿದ ವರ್ಷ

ಹೋದ ತಿಂಗಳು ಯಾದಗಿರಿ ಸ್ಟೇಷನ್ ರಸ್ತೆಯ ಒಂದು ರಿಪೇರಿ ಅಂಗಡಿಗೆ ಮಿಕ್ಸರ್ ಒಯ್ದಿದ್ದೆ. ಅಂಗಡಿಯವನು ಸೋಲ್ಡರ್ ಕಡ್ಡಿಯ ಮೂತಿಯನ್ನು ರಾಳಕ್ಕೆ ಒತ್ತಿದ. ಬಿಳಿ ಹೊಗೆಯ ಒಂದು ಎಳೆ ಎದ್ದು ನೇರ ನನ್ನ ಮುಖಕ್ಕೆ ಬಂತು. ದೇವರ ಮನೆಯ ಧೂಪದಲ್ಲಿ ಯಾರೋ ಕೂದಲು ಹಾಕಿ ಸುಟ್ಟಂಥ ವಾಸನೆ. ನನ್ನ ಕೈಯಿಂದ ಚೀಲ ಜಾರಿತು.

"ಕೂಡ್ರಿ ಅಮ್ಮಾರ. ಬಿಸಲಿಗೆ ಹಂಗಾಗ್ತದ," ಎಂದು ಅವನು ಸ್ಟೂಲು ಸರಿಸಿದ.

ಬಿಸಿಲಿಗಲ್ಲ ಎಂದು ಅವನಿಗೆ ಹೇಳಿ ಏನು ಮಾಡಲಿ? ಕುಳಿತು ನೀರು ಕುಡಿದೆ. ನೀರು ಕುಡಿಯುವಾಗಲೂ ಆ ವರ್ಷದ ಬೇಸಿಗೆಯೇ ನೆನಪಾಗುತ್ತಿತ್ತು.

ಆಗ ನಾವು ಶಹಾಪುರದಿಂದ ವನದುರ್ಗದ ಕಡೆ ಹೋಗುವ ರಸ್ತೆಯಲ್ಲಿ ಸ್ವಲ್ಪ ಒಳಗಿರುವ ಒಂದು ಊರಿನ ಹೊರಗೆ ಇದ್ದೆವು. ಊರಿನ ಹೆಸರು ಬೇಡ. ಕಾಲುವೆಯ ನೀರನ್ನು ಸೋಸಿ ಮೂರು ಊರಿಗೆ ಕುಡಿಯಲು ಕೊಡುವ ಒಂದು ಯೋಜನೆ. ಅದನ್ನು ನಡೆಸುತ್ತಿದ್ದ ಗುತ್ತಿಗೆ ಕಂಪನಿಯಲ್ಲಿ ನಮ್ಮ ಯಜಮಾನರು ಜೂನಿಯರ್ ಎಂಜಿನಿಯರ್. ನೀರು ಸೋಸುವ ಕಟ್ಟಡ, ಪಕ್ಕಕ್ಕೆ ಕಂಟ್ರೋಲ್ ರೂಮು, ಅದರ ಹಿಂದೆ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಮನೆ. ಒಂದರಲ್ಲಿ ನಾವು. ಇನ್ನೊಂದರಲ್ಲಿ ಆಪರೇಟರ್ ಹಣಮಂತಣ್ಣ, ಅವನ ಹೆಂಡತಿ ಯಂಕವ್ವ.

ಹಣಮಂತಣ್ಣ ಸುರಪುರದವನು. ಅಲ್ಲಿ ಅವನದೊಂದು ರೇಡಿಯೋ, ಟಿವಿ ರಿಪೇರಿಯ ಅಂಗಡಿ ಇತ್ತಂತೆ. ಟಿವಿಗಳು ತೆಳ್ಳಗಾಗಿ ಗೋಡೆ ಹತ್ತಿದ ಮೇಲೆ ಅಂಗಡಿ ಮುಚ್ಚಿ ಈ ಕೆಲಸಕ್ಕೆ ಬಂದಿದ್ದ. ಊರವರು ಅವನನ್ನು 'ರೇಡಿಯೋ' ಅಂತಲೇ ಕರೆಯುತ್ತಿದ್ದರು. ಬಲಗೈ ತೋರುಬೆರಳಿನ ತುದಿ ಸುಟ್ಟು ಸುಟ್ಟು ಬೆರಳ ಗೆರೆಗಳೇ ಇರಲಿಲ್ಲ. ಕಾಗದ ಎತ್ತಬೇಕಾದರೆ ಆ ಬೆರಳನ್ನು ನಾಲಗೆಗೆ ಎರಡು ಸಲ ಮುಟ್ಟಿಸುತ್ತಿದ್ದ.

ನೀರೆತ್ತುವ ಪಂಪು ನಮ್ಮ ಹತ್ತಿರ ಇರಲಿಲ್ಲ. ಒಂದೂವರೆ ಕಿಲೋಮೀಟರ್ ಆಚೆ, ಕಾಲುವೆಯ ಪಕ್ಕದ ದೊಡ್ಡ ಬಾವಿಯ ಮೇಲೆ ಒಂದು ತಗಡಿನ ಕೋಣೆಯಲ್ಲಿತ್ತು. ಬಾವಿಯಲ್ಲಿ ನೀರು ಎಷ್ಟಿದೆ ಎಂದು ಅಳೆಯುವ ಒಂದು ಯಂತ್ರ, ಅದರಿಂದ ಎರಡು ಎಳೆಯ ತಂತಿ ಹೊಲದ ಬದುಗುಂಟ ಹಾದು ಕಂಟ್ರೋಲ್ ರೂಮಿಗೆ ಬಂದು ಪರದೆಯ ಮೇಲೆ ನಂಬರ್ ತೋರಿಸುತ್ತಿತ್ತು. ನಂಬರ್ ಒಂದು ಮೀಟರ್‌ಗಿಂತ ಕೆಳಗಿಳಿದರೆ ಇಲ್ಲಿ ಕೂತವರು ಪಂಪು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಮೋಟಾರು ನೀರಿಲ್ಲದೆ ತಿರುಗಿ ಸುಟ್ಟುಹೋಗುತ್ತದೆ. ಇಷ್ಟು ನನ್ನಂಥವಳಿಗೂ ತಿಳಿದಿತ್ತು.

ಆ ಚಳಿಗಾಲದಲ್ಲಿ ಕಂಪನಿಯವರು ಅದೇ ತಂತಿಗೆ ದಾರಿಯುದ್ದಕ್ಕೂ ಇನ್ನೂ ನಾಲ್ಕು ಅಳತೆ ಯಂತ್ರ ಕೂಡಿಸಿದರು. ಕೂಡಿಸಿದ್ದೇ, ಪರದೆಯ ಮೇಲೆ ನಂಬರ್ ಹೋಗಿ ಗೆರೆಗಳು ಬರತೊಡಗಿದವು. ನಮ್ಮವರು ಹದಿನೈದು ದಿನ ತಂತಿಯ ಗಂಟುಗಳನ್ನೆಲ್ಲ ಬಿಚ್ಚಿ ಕಟ್ಟಿದರು. ಆಗಲಿಲ್ಲ. ಕೊನೆಗೆ ಹಣಮಂತಣ್ಣ ಬಾವಿಯ ಕಡೆಯಿಂದ ನಂಬರ್ ಕಳಿಸುವ ಡಬ್ಬಿ ಬಿಚ್ಚಿ ಒಂದು ಮಧ್ಯಾಹ್ನ ಏನೋ ಮಾಡಿದ. ನಂಬರ್ ಕಲ್ಲಿನಲ್ಲಿ ಕೊರೆದಷ್ಟು ಸ್ವಚ್ಛ ಬಂತು.

ಚಹಾಕ್ಕೆ ಬಂದಾಗ ನಾನು ಕೇಳಿದೆ. ನನಗೆ ಸಣ್ಣ ಸಣ್ಣ ವಸ್ತು ನೋಡುವ ಚಟ. ಅವನು ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಆರಿಸುತ್ತ ಹೇಳಿದ:

"ಎರಡು ಎಳಿ ಅವ ಅಲ್ರಿ ಅಕ್ಕಾರ, ಒಂದರ ವೋಲ್ಟೇಜ್ ಏರಿದ್ರ ಇನ್ನೊಂದರದು ಇಳೀತದ. ಆ ತುದಿಗಿ ಇದ್ದದ್ದು ಎರಡರ ಫರಕ ಅಷ್ಟ ನೋಡ್ತದ. ಆ ಎಳಿ ಏರಿಸಿ ಇಳಿಸೂ ಚಿಪ್ಪಿಗೆ ಡ್ರೈವರ್ ಅಂತಾರ. ಈಗ ತಂತಿ ಮ್ಯಾಲ ಭಾರ ಹೆಚ್ಚಾಗ್ಯಾದ, ಒಂದ ಡ್ರೈವರ್‌ಗೆ ದಮ್ಮು ಸಾಲವಲ್ದು. ಅದಕ್ಕ ಬಾಜೂಕ ಇನ್ನೊಂದು ಹಚ್ಚೀನಿ. ಇಬ್ಬರೂ ಕೂಡಿ ಜಗ್ತಾರ."

"ಅಷ್ಟೇ ಏನು?" ಅಂದೆ.

"ಅಷ್ಟ ಆಗಿದ್ರ ಎಲ್ಲಾರೂ ಮಾಡ್ತಿದ್ರಲ್ಲ! ಒಂದ ಹಗ್ಗಕ್ಕ ಇಬ್ಬರು ಕೈ ಹಚ್ಚಿದ್ರ, ಇಬ್ಬರೂ ಒಂದ ಉಸುರಿಗೆ ಜಗ್ತಾರೇನ್ರಿ? ಒಬ್ಬಾಂವ ಕೂದಲೆಳಿ ಅಷ್ಟು ಮೊದ್ಲ ಜಗ್ತಾನ. ಆ ಗಳಿಗ್ಯಾಗ ತಮ್ ತಮ್ಮೊಳಗ ಜಗ್ಗಾಡಿ ಬಿಸಿ ಆಗ್ತಾರ. ಜೋರು ಇದ್ದಾಂವ ಎಲ್ಲಾ ಭಾರ ತಾನ ಹೊತ್ತು ಸಾಯ್ತಾನ. ಅದಕ್ಕ ಒಂದ ಪಟ್ಟೀದಾಗಿನ, ಒಂದ ಜೋರಿನ ಜೋಡಿ ಚಿಪ್ಪು ಕಿತ್ತು ತಂದೀನಿ. ಒಂದೊಂದರ ಎರಡೂ ಕಾಲಿಗೆ ಸಣ್ಣ ರೆಸಿಸ್ಟರ್ ಹಾಕೀನಿ, ಒಟ್ಟು ನಾಕು. ಜರಾ ತಡೀತಾವ, ಇಬ್ಬರಿಗೂ ಬರಾಬರಿ ಹಂಚ್ತಾವ."

ಅಂಗೈಯಲ್ಲಿ ಅಂಥದ್ದೇ ಇನ್ನೊಂದು ತೋರಿಸಿದ. ಜೋಳದ ಕಾಳಿಗಿಂತ ಚಿಕ್ಕದು, ಮೈಮೇಲೆ ಬಳೆ ಹಾಕಿದಂತೆ ಬಣ್ಣದ ಪಟ್ಟಿ. ಒಳಗಿನಿಂದ ಯಂಕವ್ವ ಕೂಗಿದಳು: "ಅಕ್ಕಾರಿಗೆ ಪಾಠ ಹೇಳಾಕತ್ತಾನ ನೋಡು! ಮನ್ಯಾಗಿನ ಲೈಟು ಎಂಟ್ ದಿನ ಆತು ಹತ್ತವಲ್ದು."

ಆ ವಾರವೇ ಕಂಪನಿಯ ಮ್ಯಾನೇಜರ್ ಸಾಹೇಬರು ಬಂದರು. ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು ಎಲ್ಲರ ಎದುರು ನಮ್ಮವರ ಬೆನ್ನು ತಟ್ಟಿದರು. "ಏನ್ರಿ ಎಂಜಿನಿಯರ್, ಡಿಪ್ಲೊಮಾ ಕೈಲಿ ಆಗ್ಲಾರದ್ದು ರೇಡಿಯೋದಾಂವ ಮಾಡ್ಯಾನಲ್ಲ! ನಾಳಿಂದ ಅಂವಾ ಕುರ್ಚಿ ಮ್ಯಾಲ ಕೂಡ್ಲಿ, ನೀವು ಚಾ ತರ್ರಿ." ಎಲ್ಲರೂ ನಕ್ಕರು, ನಮ್ಮವರೂ ನಕ್ಕರು. ಮನೆಗೆ ಬಂದು ಪಲ್ಯಕ್ಕೆ ಉಪ್ಪಿಲ್ಲ ಎಂದು ತಟ್ಟೆ ನೂಕಿದರು. ಉಪ್ಪು ಸರಿಯಾಗಿತ್ತು.

ಏಪ್ರಿಲ್‌ನಲ್ಲಿ ಮೇಲಿನ ಎಂಜಿನಿಯರುಗಳ ಇನ್ಸ್‌ಪೆಕ್ಷನ್ ಇತ್ತು. ಅದರ ಹಿಂದಿನ ಭಾನುವಾರ ನಮ್ಮವರು ಡಬ್ಬಿಯನ್ನು ಮನೆಗೆ ತರಿಸಿದರು. ಹೊತ್ತು ತಂದವನು ಹಣಮಂತಣ್ಣನೇ. "ಸ್ವಚ್ಛ ಮಾಡಿ ಕೊಡ್ತೀನಿ, ನೀ ಹೋಗು," ಎಂದು ಅವನನ್ನು ಕಳಿಸಿ, ಊಟದ ಮೇಜಿನ ಮೇಲೆ ಪೇಪರು ಹಾಸಿ ಕೂತರು.

"ಜೋರು ಬೇಕಂತ ಎರಡು ಚಿಪ್ಪು ಹಾಕ್ಯಾನ, ಮತ್ತ ತಾನ ಅಡ್ಡಗಾಲು ಇಟ್ಟಾನ. ಇದಕ್ಕ ಶ್ಯಾಣ್ಯಾತನ ಅಂತಾರೇನು? ಹಿಡಿ ಇಲ್ಲಿ."

ನಾನು ಹಿಡಿದೆ. ಹುಬ್ಬು ಕೀಳುವ ನನ್ನ ಚಿಮಟದಿಂದಲೇ ಒಂದೊಂದನ್ನು ಎತ್ತಿದರು. ಸೋಲ್ಡರ್ ಕರಗಿದಾಗ ರಾಳದ ಹೊಗೆ ಕಿಟಕಿಯ ಪರದೆಗೆ, ನನ್ನ ಸೆರಗಿಗೆ ಹತ್ತಿತು. ನಾಲ್ಕು ರೆಸಿಸ್ಟರ್ ಇದ್ದ ಕಡೆ ನಾಲ್ಕು ತುಂಡು ತಂತಿ ಇಟ್ಟು ಬೆಸೆದರು.

"ಅವು ಬೇಕೇ ಬೇಕು ಅಂದಿದ್ದ ಹಣಮಂತಣ್ಣ," ಎಂದೆ, ಮೆಲ್ಲಗೆ.

"ನಿನಗ ಹಣಮ್ಯಾ ಟ್ಯೂಷನ್ ಹೇಳ್ಯಾನೇನು?"

ಮೇಜು ಒರೆಸುವಾಗ ಆ ನಾಲ್ಕನ್ನೂ ಅಂಗೈಗೆ ಎಳೆದುಕೊಂಡು ತರಕಾರಿ ಸಿಪ್ಪೆಯ ಜೊತೆ ಹೊರಗೆ ಚೆಲ್ಲಿದೆ.

ಡಬ್ಬಿ ಜೋಡಿಸಿದ ಮೇಲೆ ಸಿಗ್ನಲ್ ಮೊದಲಿಗಿಂತ ಒಂದು ತೂಕ ಹೆಚ್ಚೇ ತೋರಿಸಿತು. ಅವತ್ತು ನಮ್ಮವರು ಎರಡು ರೊಟ್ಟಿ ಹೆಚ್ಚು ಉಂಡರು. ಡಬ್ಬಿಗೆ ಬೀಗ ಹಾಕಿ ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಆಮೇಲೆ ಒಂದು ರಿಪೋರ್ಟು ಬೇಕಾಯಿತು, ಇಂಗ್ಲಿಷಿನಲ್ಲಿ. ನಾನು ಕಾನ್ವೆಂಟಿನಲ್ಲಿ ಓದಿದವಳು. ನಾಲ್ಕು ಗೆರೆಯ ಪುಸ್ತಕದಲ್ಲಿ ತಿದ್ದಿ ಕಲಿತ ದುಂಡು ಅಕ್ಷರ. ಅವರು ಹೇಳಿದರು, ನಾನು ಬರೆದೆ: ಎರಡು ಡ್ರೈವರ್‌ಗಳನ್ನು ಜೊತೆಗೂಡಿಸಿ ತಂತಿಯ ಬಲ ಹೆಚ್ಚಿಸುವ ಈ ಕೆಲಸವನ್ನು ಕೆಳಗೆ ಸಹಿ ಮಾಡಿದವನು ಮಾಡಿರುತ್ತಾನೆ. ಕೆಳಗೆ ಸಹಿ ನಮ್ಮವರದು. ಇನ್ಸ್‌ಪೆಕ್ಷನ್‌ಗೆ ಬಂದವರು ಕೆಲಸವನ್ನೂ ಹೊಗಳಿದರು, ಅಕ್ಷರವನ್ನೂ ಹೊಗಳಿದರು. ಹಣಮಂತಣ್ಣ ಬಾಗಿಲ ಹತ್ತಿರ ನೀರಿನ ಬಾಟಲಿಗಳ ಟ್ರೇ ಹಿಡಿದು ನಿಂತಿದ್ದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಮೇ ತಿಂಗಳು ಹತ್ತಿತು. ನಮ್ಮ ಕಡೆಯ ಮೇ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಒಣಗಿಸಲು ಹಾಕಿದ ಸೀರೆಯ ಎರಡನೇ ತುದಿ ಹಾಕುವುದರಲ್ಲಿ ಮೊದಲ ತುದಿ ಆರಿರುತ್ತದೆ. ಮೋಟಾರು ಕೋಣೆಯ ತಗಡು ಕಾದು ಟಣ್ ಟಣ್ ಸದ್ದು ಮಾಡುತ್ತಿತ್ತು.

ಒಂದು ದಿನ ಹಣಮಂತಣ್ಣ ನಮ್ಮವರ ಮುಂದೆ ಬಂದು ನಿಂತ. "ಸಾಹೇಬ್ರ, ಮಧ್ಯಾನ್ಹ ಎರಡಾತಂದ್ರ ನಂಬರ್ ನಿಂತಲ್ಲೇ ನಿಂದರ್ತದರಿ. ಸಂಜೀಕ ತಂಪಾದ ಮ್ಯಾಲ ಮತ್ತ ಓಡ್ತದ. ಡಬ್ಬಿ ಮ್ಯಾಲ ಕೈ ಇಟ್ರ ಚುರ್ ಅಂತದ. ಜರಾ ಕೀಲಿ ಕೊಡ್ರಿ, ನೋಡ್ತೀನಿ."

"ಸಾಮಾನು ಬಿಸಿ ಆಗದ ಏನ್ ತಂಪಾಗ್ತದೇನು? ನಿನ್ ಕೆಲಸ ನೀ ನೋಡು."

ಅವನು ಅಂದಿನಿಂದ ದಿನಾ ಎರಡು ಗಂಟೆಗೆ ತಲೆಗೆ ಒದ್ದೆ ಟವೆಲ್ ಸುತ್ತಿ ಸೈಕಲ್ ಮೇಲೆ ಬಾವಿಗೆ ಹೋಗುತ್ತಿದ್ದ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೀರಿನ ಮಟ್ಟ ನೋಡಿ, ಫೋನಿನಲ್ಲಿ ಕಂಟ್ರೋಲ್ ರೂಮಿಗೆ ಹೇಳುತ್ತಿದ್ದ. ಯಾರೂ ಹೇಳಿದ ಕೆಲಸವಲ್ಲ. ಹಾಗೆ ಎರಡು ವಾರ ಮೂರು ಊರಿನ ನೀರು ಒಂದು ಕಲ್ಲು, ಒಂದು ಹಗ್ಗದ ಮೇಲೆ ನಡೆಯಿತು.

ಆ ದಿನ ನಮ್ಮ ನಾದಿನಿ ಬಂದಿದ್ದಳು. ಶೀಕರಣೆ ಮಾಡಬೇಕೆಂದರೆ ಊರಲ್ಲಿ ಒಳ್ಳೆಯ ಮಾವು ಇಲ್ಲ. ನಾನು ಹಣಮಂತಣ್ಣನನ್ನು ಕರೆದು ಶಹಾಪುರಕ್ಕೆ ಹೋಗಿ ಬಾ ಎಂದೆ.

"ಹೊಳ್ಳಿ ಬರೂದ್ರಾಗ ಎರಡು ದಾಟ್ತದರಿ ಅಕ್ಕಾರ. ಇವತ್ತು ಕಾಲುವಿಗೆ ಬ್ಯಾರೆ ನೀರು ನಿಲ್ಸ್ಯಾರ. ಬಾವಿ ನೋಡ್ಬೇಕು."

"ಇವರು ಇರ್ತಾರಲ್ಲ. ನೋಡ್ತಾರ, ಹೋಗು."

ಅವನು ಚೀಲ ತೆಗೆದುಕೊಂಡು ಹೋದ.

ನಮ್ಮವರು ಕಂಟ್ರೋಲ್ ರೂಮಿನಲ್ಲಿ ಪರದೆಯ ಎದುರೇ ಕೂತಿದ್ದರು. ಎದ್ದು ಎಲ್ಲಿಗೂ ಹೋಗಲಿಲ್ಲ, ನಿದ್ದೆಯನ್ನೂ ಮಾಡಲಿಲ್ಲ. ನಂಬರ್ ಮೂರು ಮೀಟರ್ ಅನ್ನುತ್ತಿತ್ತು. ಎರಡಕ್ಕೂ ಮೂರು, ಎರಡೂವರೆಗೂ ಮೂರು, ಮೂರಕ್ಕೂ ಮೂರು. ಬಿಸಿಯಾಗಿ ಬಾಯಿ ಮುಚ್ಚಿಕೊಂಡ ಚಿಪ್ಪು ಕೊನೆಗೆ ಹೇಳಿದ ಮಾತನ್ನೇ ಅವರು ನಂಬಿ ಕೂತಿದ್ದರು. ಅಷ್ಟರಲ್ಲಿ ಬಾವಿ ಬರಿದಾಗಿತ್ತು. ಕಾಲುವೆಯ ಕಡೆ ಕಪ್ಪು ಹೊಗೆ ಎದ್ದದ್ದನ್ನು ಮೊದಲು ಕಂಡವಳು ಯಂಕವ್ವ. ಬದಲಿಗೆಂದು ಇದ್ದ ಇನ್ನೊಂದು ಮೋಟಾರು ರಿಪೇರಿಗೆಂದು ಮೊದಲೇ ಕಲಬುರಗಿಗೆ ಹೋಗಿತ್ತು. ಮೂರು ಊರಿಗೆ ನೀರಿಲ್ಲ.

ಹಣಮಂತಣ್ಣ ಮಾವಿನ ಚೀಲ ನನ್ನ ಅಡುಗೆ ಕಟ್ಟೆಯ ಮೇಲಿಟ್ಟು ಬಾವಿಯ ಕಡೆಗೆ ಓಡಿದ.

ಸಂಜೆ ಐದಕ್ಕೆ ಮ್ಯಾನೇಜರ್ ಬಂದರು. ಡಬ್ಬಿಯನ್ನು ನಮ್ಮ ಅಂಗಳಕ್ಕೆ ತಂದು ಬೀಗ ತೆಗೆದರು. ಹಣಮಂತಣ್ಣ ಬಗ್ಗಿ ನೋಡಿದ.

"ಇಲ್ಲಿ ನಾಕು ಇದ್ದುವರಿ, ಸಾಹೇಬ್ರ. ನನ್ ಕೈಲಿ ಹಾಕಿದ್ದೆ. ಯಾರೋ ತಗದಾರ."

"ಯಾವ ನಾಕು?" ಅಂದರು ನಮ್ಮವರು. "ನೀ ಮಾಡಿದ್ದು ಹಿಂಗ ಅದ. ನಾ ಮ್ಯಾಲಿನ ಧೂಳು ಝಾಡಿಸಿದ್ದಷ್ಟ."

"ಆಣಿ ಮಾಡಿ ಹೇಳ್ತೀನ್ರಿ. ಡಬ್ಬಿ ನಿಮ್ಮ ಮನಿಗಿ ಹೋಗಿತ್ತು, ನಾನ ಹೊತ್ತು ತಂದೀನಿ. ಅಕ್ಕಾರನ ಕೇಳ್ರಿ, ಅವರಿಗಿ ಗೊತ್ತದ. ಅವು ಏನು, ಯಾಕ ಅಂತ ಎಲ್ಲಾ ನಾ ಹೇಳೀನಿ ಅವರಿಗಿ. ಅವರು ಸುಳ್ಳು ಹೇಳೂ ಪೈಕಿ ಅಲ್ಲ."

ಮ್ಯಾನೇಜರ್ ಬಾಗಿಲಿನ ಕಡೆ ತಿರುಗಿದರು. ನಾನು ಬಾಗಿಲಲ್ಲಿದ್ದೆ. ನನ್ನ ಹಿಂದೆ ನಾದಿನಿ ಮಾವು ಹಿಂಡುತ್ತಿದ್ದಳು. ಯಂಕವ್ವ ತುಳಸಿಕಟ್ಟೆಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ಅಕ್ಕಾರು ಹೇಳುತ್ತಾರೆ, ಇನ್ನು ಗಂಡನ ಕೆಲಸಕ್ಕೆ ಏನೂ ಆಗುವುದಿಲ್ಲ ಎಂಬ ನೆಮ್ಮದಿ ಇತ್ತು.

"ಹೇಳ್ರಿ ಮೇಡಂ. ನೋಡೀರೇನು?"

"ನನಗ ಅದೆಲ್ಲಾ ಏನ್ ತಿಳೀತದರಿ," ಎಂದೆ.

ಒಳಗೆ ಹೋದೆ. ಯಾರೂ ನನ್ನನ್ನು ಮತ್ತೆ ಕೇಳಲಿಲ್ಲ. ಹೆಂಗಸಿಗೆ ಇಂಥದ್ದು ತಿಳಿಯುವುದಿಲ್ಲ ಎಂದರೆ ಎಲ್ಲರೂ ಒಪ್ಪುತ್ತಾರೆ.

ಎರಡನೇ ರಿಪೋರ್ಟೂ ನನ್ನ ಅಕ್ಷರದ್ದೇ. ಆಪರೇಟರ್ ಅನುಮತಿಯಿಲ್ಲದೆ ಎರಡು ಡ್ರೈವರ್‌ಗಳನ್ನು ಸೇರಿಸಿದ್ದಾನೆ. ಘಟನೆಯ ವೇಳೆ ಕರ್ತವ್ಯದ ಸ್ಥಳದಲ್ಲಿ ಇರಲಿಲ್ಲ. ಈ ಕೊನೆಯ ವಾಕ್ಯ ಬರೆಯುವಾಗ ಶೀಕರಣೆಯ ಬಟ್ಟಲು ನನ್ನ ಮೊಣಕೈ ಹತ್ತಿರ ಇತ್ತು. ಕಾಗದಕ್ಕೆ ತಾಗಬಾರದೆಂದು ಸರಿಸಿದೆ. ಮ್ಯಾನೇಜರ್ ಅದನ್ನು ಓದಿ ತಲೆಯಾಡಿಸಿ, ಏಪ್ರಿಲ್‌ನ ಹಳೆಯ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ನಮ್ಮವರ ಜೇಬಿಗೆ ತುರುಕಿದರು. "ಇದು ನನ್ ಕಡೆ ಬಂದಿಲ್ಲ ತಿಳೀರಿ," ಎಂದರು.

ನೀರಿಲ್ಲದ ಜನ ಗೇಟಿನ ಮುಂದೆ ಕೂಡತೊಡಗಿದ್ದರು. ಟ್ಯಾಂಕರ್ ತರಿಸಿದರು. ಆಗ ಮ್ಯಾನೇಜರ್‌ಗೆ ಒಂದು ಉಪಾಯ ಹೊಳೆಯಿತು. ಜನರ ಸಿಟ್ಟಿಗೆ ಒಂದು ಮುಖ ಬೇಕು, ಇಲ್ಲದಿದ್ದರೆ ಕಂಪನಿಯ ಮೇಲೆ ಬರುತ್ತದೆ. ಹಣಮಂತಣ್ಣನನ್ನು ಕರೆದು ಹೇಳಿದರು: "ಪೊಲೀಸ್ ಕೇಸ್ ಬ್ಯಾಡಂದ್ರ ಟ್ಯಾಂಕರ್ ಪೈಪ್ ನೀನ ಹಿಡಿಬೇಕು. ಕೊಡ ತುಂಬಿದ ಒಬ್ಬೊಬ್ಬರಿಗೂ 'ನಂದ ತಪ್ಪರಿ' ಅನ್ಬೇಕು. ಮೋಟಾರು ಬರೂತನ ಮಾಡು, ನಿನ್ ನೌಕರಿ ವಿಚಾರ ಆಮ್ಯಾಲ ನೋಡೂಣು."

ನೌಕರಿ ಉಳಿಯುತ್ತದೆ ಎಂದು ಅವನು ನಂಬಿದ. ಪೈಪು ಹಿಡಿದ.

ನಮ್ಮ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಮೊದಲ ದಿನ ಅವನ ದನಿ ಏಳುತ್ತಲೇ ಇರಲಿಲ್ಲ.

"ಏ ರೇಡಿಯೋ, ಕೇಳಸವಲ್ದೋ! ಸ್ಟೇಷನ್ ಹಚ್ಚು ಬರಾಬರಿ!"

"ನಂದ ತಪ್ಪರಿ ಅವ್ವಾ."

"ಜೋರಾಗಿ!"

"ನಂದ ತಪ್ಪರಿ."

"ಮೋಟಾರು ಸುಡೂ ಮುಂದ ಎಲ್ಲಿ ಹೋಗಿದ್ಯೋ? ಮಾವಿನಹಣ್ಣು ತರಾಕ ಹೋಗಿದ್ದಂತ! ಹೆಣತಿಗಿ ಬಯಕಿ ಏನೋ?"

ಯಂಕವ್ವನಿಗೆ ಮಕ್ಕಳಿರಲಿಲ್ಲ. ಊರಿಗೆಲ್ಲ ಅದು ಗೊತ್ತಿತ್ತು. ನಗು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಹೋಯಿತು. ಮಾವು ಯಾರಿಗೆಂದು ಅವನು ಬಾಯಿಬಿಡಲಿಲ್ಲ. ಒಬ್ಬ ಮುದುಕಿ ತಂಬಿಗೆಯಲ್ಲಿ ತುಂಬಿದ ನೀರನ್ನೇ ಅವನ ಮುಖಕ್ಕೆ ಎರಚಿ, "ಹಿಡಿ, ಹೊಳ್ಳಿ ತುಂಬು," ಎಂದಳು. ಅವನು ತುಂಬಿದ. ತಪ್ಪು ಒಪ್ಪಿದ.

ಮೂರನೇ ದಿನ ಯಂಕವ್ವ ಕೊಡ ಹಿಡಿದು ಸಾಲಿಗೆ ಬಂದಳು. ಅವಳಿಗೂ ನೀರು ಬೇಕಲ್ಲ. ಅವಳ ಕೊಡ ತುಂಬಿದ ಮೇಲೆ ಹಣಮಂತಣ್ಣ ಪೈಪನ್ನು ಮುಂದಿನವರ ಕಡೆ ತಿರುಗಿಸಲು ಹೋದ. ಹೆಂಗಸರು ಬಿಡಲಿಲ್ಲ.

"ಅಕಿಗೂ ಹೇಳು! ಅಕೀ ಏನು ಮಹಾರಾಣಿ ಏನು?"

ಯಂಕವ್ವ ಸೆರಗನ್ನು ಮೂಗಿನತನಕ ಎಳೆದು ನಿಂತಳು. ಅವನು ಹೆಂಡತಿಗೆ "ನಂದ ತಪ್ಪರಿ" ಅಂದ. ಬಹುವಚನದಲ್ಲಿ, ಎಲ್ಲರಿಗೆ ಹೇಳಿದಂತೆಯೇ. ಅವಳು ಕೊಡ ಎತ್ತಿಕೊಂಡು ನಮ್ಮ ಬಾಗಿಲ ಮುಂದೆಯೇ ಹಾದುಹೋದಳು. ನಾನು ಕಿಟಕಿಯಿಂದ ಹಿಂದೆ ಸರಿದೆ.

ಒಂಬತ್ತನೇ ದಿನ ಮೋಟಾರು ಬಂತು. ಹತ್ತನೇ ದಿನ ಹಣಮಂತಣ್ಣನನ್ನು ತೆಗೆದು ಹಾಕಿ, ಮನೆ ಖಾಲಿ ಮಾಡಿಸಿದರು. ಸೈದಾಪುರದ ಕಡೆ ಯಾವುದೋ ಫ್ಯಾಕ್ಟರಿಯಲ್ಲಿ ಗೇಟು ಕಾಯುತ್ತಾನೆಂದು ಆಮೇಲೆ ಯಾರೋ ಹೇಳಿದರು. ನಮ್ಮವರು ಮುಂದಿನ ವರ್ಷ ಅಸಿಸ್ಟೆಂಟ್ ಮ್ಯಾನೇಜರ್ ಆಗಿ ನಾವು ಯಾದಗಿರಿಗೆ ಬಂದೆವು. ಇದಿಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಬಹುದು. ಮುಗಿಯದಿರುವುದು ಎಂಟನೇ ದಿನ.

ಎಂಜಿನಿಯರ್ ಮನೆಗೆ ಮಾತ್ರ ಡ್ರಮ್ಮಿಗೇ ನೀರು ಬಿಡುತ್ತಾರೆ ಎಂದು ಊರಲ್ಲಿ ಮಾತೆದ್ದಿತ್ತು. ಒಂದು ದಿನವಾದರೂ ನಿಮ್ಮ ಹೆಂಡತಿ ಸಾಲಿನಲ್ಲಿ ಕಾಣಲಿ ಎಂದು ಮ್ಯಾನೇಜರ್ ಹೇಳಿ ಕಳಿಸಿದ್ದರು. ನಾನು ಸ್ಟೀಲಿನ ಕೊಡ ಹಿಡಿದು ಹೋದೆ. "ಎಂಜಿನಿಯರ್ ಬಾಯಾರು ಬಂದಾರ, ಮುಂದ ಬಿಡ್ರೇ," ಎಂದರು ಹೆಂಗಸರು. ಬೇಡವೆಂದು ನನ್ನ ಸರದಿಗೇ ನಿಂತೆ. ಅದನ್ನೂ ಮೆಚ್ಚಿದರು.

ಎಂಟು ದಿನದ ಬಿಸಿಲಿಗೆ ಹಣಮಂತಣ್ಣನ ತುಟಿ ಒಡೆದಿತ್ತು. ನೀರಲ್ಲೇ ಇದ್ದ ಬೆರಳುಗಳು ಬೆಳ್ಳಗೆ ನೆರಿಗೆ ಬಿದ್ದಿದ್ದವು. ಅವನು ನನ್ನ ಕೊಡಕ್ಕೆ ಪೈಪು ಇಟ್ಟ. ನೀರು ಏರುವುದನ್ನು ಇಬ್ಬರೂ ನೋಡಿದೆವು. ಕಂಠದವರೆಗೆ ಬಂತು. ಪೈಪು ಮಡಚಿ ನೀರು ನಿಲ್ಲಿಸಿ, ತಲೆಯೆತ್ತಿ ನನ್ನ ಕಣ್ಣನ್ನೇ ನೋಡಿ ಹೇಳಿದ:

"ನಂದ ತಪ್ಪರಿ, ಅಕ್ಕಾರ."

ಏನಾದರೂ ಅನ್ನಬೇಕಿತ್ತು. ಎಲ್ಲರೂ ನೋಡುತ್ತಿದ್ದರು. ಸಾರಿ ಎಂದವರಿಗೆ ಉತ್ತರ ಕೊಡದೆ ಹೋಗಬಾರದು ಎಂದು ನಮಗೆ ಶಾಲೆಯಲ್ಲಿ ಕಲಿಸಿದ್ದರು.

"ಇರ್ಲಿ ಬಿಡು ಹಣಮಂತಣ್ಣ," ಎಂದೆ. "ತಪ್ಪು ಯಾರಿಗಾದ್ರೂ ಆಗ್ತದ."

ಸಾಲಿನಲ್ಲಿ ಒಂದು ಗುಜುಗುಜು ಎದ್ದಿತು. "ನೋಡ್ರೇ, ಎಂಥಾ ಮನಸು! ಓದಿದವರಂದ್ರ ಹಿಂಗಿರ್ಬೇಕು," ಎಂದಳು ಒಬ್ಬಳು. ನೀರು ಎರಚಿದ್ದ ಮುದುಕಿ ಬಂದು ನನ್ನ ಗದ್ದ ಹಿಡಿದು ನೆಟಿಕೆ ಮುರಿದಳು.

ಹಣಮಂತಣ್ಣ ನಕ್ಕ. ಒಡೆದ ತುಟಿಯಿಂದ ಸಣ್ಣಗೆ ರಕ್ತ ಬಂತು.

"ಹಿಂದಿನವರಿಗಿ ಕೇಳಿಲ್ಲರಿ ಅಕ್ಕಾರ," ಎಂದ. "ಜೋರಾಗಿ ಹೇಳ್ರಿ."

ನಾನು ಜೋರಾಗಿ ಹೇಳಿದೆ.